ಕರ್ನಲರ ಪುಟ: ಉಳಿಸುವುದೋ ಅಳಿಸುವುದೋ

ಇನ್ನು ಮೇಲೆ ಯಾರ ಮೇಲೂ ಸಂಶಯ ಪಡಬಾರದು ಎಂದು ನಾನು ತೀರ್ಮಾನ ಮಾಡಿದ ದಿನವೇ ಯಾರಾದರೊಬ್ಬರು ಸಂಶಯಕ್ಕೆ ಲಾಯಕ್ಕಾದ ಕೆಲಸ ಮಾಡಿ ನನ್ನ ಎದುರು ಬಂದು ನಿಲ್ಲುತ್ತಾರೆ. ಇದು ಇವತ್ತು ನಿನ್ನೆಯ ಕಥೆಯಲ್ಲ.

ದನದ ತಂಗಿ

ನಾನು ವಿಮಾ ಕಂಪನಿಯಲ್ಲಿದ್ದವನು. ಪುತ್ತೂರು, ಸುಳ್ಯ, ಕಡಬದ ಸುತ್ತಮುತ್ತ ಯಾರದಾದರೂ ಜೀಪು ಮಗುಚಿದರೆ, ಅಂಗಡಿಗೆ ಬೆಂಕಿ ಬಿದ್ದರೆ, ದನ ಸತ್ತರೆ, ಅದು ನಿಜವಾಗಿ ಮಗುಚಿದ್ದಾ, ಬಿದ್ದದ್ದಾ, ಸತ್ತದ್ದಾ ಎಂದು ಹೋಗಿ ನೋಡಿ ಬರುವುದು ನನ್ನ ಕೆಲಸ. ಸಂಬಳ ಕೊಟ್ಟು ಸಂಶಯ ಪಡಿಸುತ್ತಿದ್ದರು. ಪಿಂಚಣಿ ಬಂದರೂ ಆ ಅಭ್ಯಾಸ ಹೋಗಲಿಲ್ಲ. ಹೋಟೆಲಿನಲ್ಲಿ ಇಡ್ಲಿ ತಂದಿಟ್ಟರೆ ಮೊದಲು ಮಗುಚಿ ಹಾಕಿ ಕೆಳಭಾಗ ನೋಡುವವನು ನಾನು.

ಒಮ್ಮೆ ಒಬ್ಬರು ಸತ್ತ ದನದ ಕಿವಿಗೆ ವಿಮೆಯ ಗುರುತಿಗೆಂದು ನಾವು ಚುಚ್ಚಿದ್ದ ಬಿಲ್ಲೆ ತಂದುಕೊಟ್ಟರು. ದನವನ್ನು ಹೂತಾಯಿತು ಎಂದರು. ನಾನು ಅವರ ಮನೆಗೆ ಹೋದೆ. ಹಟ್ಟಿಯಲ್ಲಿ ಅದೇ ಬಣ್ಣದ ದನವೊಂದು ಆರಾಮವಾಗಿ ಮೆಲುಕು ಹಾಕುತ್ತಿತ್ತು. ಕಿವಿಯಲ್ಲಿ ಹೊಸ ತೂತು.

"ಇದು ಯಾವುದು?" ಎಂದೆ.

"ಅದು ಸತ್ತದ್ದರ ತಂಗಿ ಸರ್."

"ಕಿವಿಯಲ್ಲಿ ತೂತು ಉಂಟಲ್ಲ?"

ಅವರು ದನವನ್ನೂ ನನ್ನನ್ನೂ ನೋಡಿ, "ಇಬ್ಬರಿಗೂ ಒಟ್ಟಿಗೆ ಕಿವಿ ಚುಚ್ಚಿಸಿದ್ದು ಸರ್" ಎಂದರು.

ಅಭಿಮಾನಿಗಳ ಮೂಗು

ಪಿಂಚಣಿಯಾದ ಮೇಲೆ ಪುತ್ತೂರಿನ ಹತ್ತಿರದ ಕುಂಬ್ರದ ಮನೆಯಲ್ಲಿ ಕುಳಿತು ಹೆಂಡತಿಯ ಅಡುಗೆಯ ಮೇಲೆ ತನಿಖೆ ಶುರುಮಾಡಿದೆ. ಅವಳು ಎರಡು ವಾರ ತಡೆದುಕೊಂಡು, "ನಿಮಗೆ ಎಂತಾದ್ರೂ ಒಂದು ಕೆಲಸ ಬೇಕು, ಇಲ್ಲದಿದ್ದರೆ ನನಗೆ ತವರುಮನೆ ಬೇಕು" ಎಂದಳು. ಹಾಗಾಗಿ ಅಂತರ್ಜಾಲದಲ್ಲಿರುವ ಒಂದು ಕನ್ನಡ ವಿಶ್ವಕೋಶಕ್ಕೆ ಸೇರಿಕೊಂಡೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು. ಹಾಗೆ ಬರೆದದ್ದರಲ್ಲಿ ಯಾವುದು ಉಳಿಯಬೇಕು, ಯಾವುದನ್ನು ಅಳಿಸಬೇಕು ಎಂದು ನಮ್ಮಂಥ ಕೆಲವರು ನೋಡಬೇಕು. ಸಂಬಳ ಇಲ್ಲ. ಆದರೆ ಸಂಶಯ ಪಡಲಿಕ್ಕೆ ಇಡೀ ರಾಜ್ಯ ಸಿಗುತ್ತದೆ.

ನಿಯಮ ಸರಳ. ಒಬ್ಬ ಮನುಷ್ಯನ ಬಗ್ಗೆ ಪುಟ ಇರಬೇಕಾದರೆ, ಅವನಿಗೆ ಸಂಬಂಧವಿಲ್ಲದ ಯಾರಾದರೂ ಅವನ ಬಗ್ಗೆ ಪತ್ರಿಕೆಯಲ್ಲೋ ಪುಸ್ತಕದಲ್ಲೋ ವಿವರವಾಗಿ ಬರೆದಿರಬೇಕು. ಅವನೇ ಬರೆದುಕೊಂಡರೆ ಆಗುವುದಿಲ್ಲ, ಮನೆಯವರು ಬರೆದರೂ ಆಗುವುದಿಲ್ಲ.

ಮೊದಲು ಸಿಕ್ಕಿದ್ದು ಕಡಬದ ಕಡೆಯ 'ಅಂತಾರಾಷ್ಟ್ರೀಯ ಖ್ಯಾತಿಯ ಸಮಾಜಸೇವಕ'. ಆಧಾರ ಎಂದು ಒಂದು ಫ್ಲೆಕ್ಸ್ ಬ್ಯಾನರಿನ ಫೋಟೋ ಹಾಕಿದ್ದರು. ಫೋನ್ ಮಾಡಿ ಕೇಳಿದೆ.

"ಅಂತಾರಾಷ್ಟ್ರೀಯ ಹೇಗೆ?"

"ನಾನು ದುಬೈಗೆ ಹೋಗಿದ್ದೆ ಅಲ್ವಾ?"

"ಈ ಫ್ಲೆಕ್ಸ್ ಹಾಕಿದ್ದು ಯಾರು?"

"ಅಭಿಮಾನಿಗಳು."

"ಕೆಳಗೆ ಅಭಿಮಾನಿಗಳ ಫೋಟೋ ಸಾಲಾಗಿ ಉಂಟು. ಎಲ್ಲರ ಮೂಗೂ ನಿಮ್ಮ ಮೂಗಿನ ಹಾಗೆಯೇ ಉಂಟಲ್ಲ?"

ಅವರು ನಿಜವಾಗಿಯೂ ನೊಂದ ಸ್ವರದಲ್ಲಿ, "ಅಣ್ಣ ತಮ್ಮಂದಿರಿಗೆ ಅಭಿಮಾನ ಇರಬಾರದು ಅಂತ ಉಂಟಾ ಮಾರಾಯ್ರೆ?" ಎಂದರು.

ಗೊರಕೆಗೆ ಆಧಾರ

ಹೀಗೆ ಹಲವರನ್ನು ಅಳಿಸಿ ಕೈ ಪಳಗಿದ್ದ ಹೊತ್ತಿನಲ್ಲಿ ಕರ್ನಲರ ಪುಟ ಬಂತು. ಕೊಲ್ಲಮೊಗ್ರಿನ ನಿವೃತ್ತ ಸೇನಾಧಿಕಾರಿ. ಗಡಿಯ ಹಿಮದಲ್ಲಿ, ಗುಂಡು ಹಾರುತ್ತಿದ್ದಾಗ, ಗಾಯಗೊಂಡ ತನ್ನ ಜವಾನರನ್ನು ಒಬ್ಬೊಬ್ಬರನ್ನಾಗಿ ಬೆನ್ನಿನ ಮೇಲೆ ಹೊತ್ತು ಕೆಳಗಿಳಿಸಿದವರು. ಶೌರ್ಯ ಪದಕ ಪಡೆದವರು. ಓದುವಾಗ ನನಗೂ ಮೈ ಜುಮ್ಮೆಂದಿತು. ಮೈ ಜುಮ್ಮೆಂದರೆ ನಾನು ಕೂಡಲೇ ಜಾಗೃತನಾಗುತ್ತೇನೆ. ಬೆಂಕಿ ಬಿದ್ದ ಅಂಗಡಿಯವರೂ ಹೀಗೆಯೇ ಮೈ ಜುಮ್ಮೆನ್ನುವ ಹಾಗೆ ಹೇಳುತ್ತಿದ್ದರು.

ಪುಟದ ಕೊನೆಯಲ್ಲಿ 'ಸ್ವಭಾವ' ಎಂದು ಒಂದು ಭಾಗ. "ಮಿತಭಾಷಿ. ಸಮಯಪಾಲಕ. ಒದ್ದೆ ಟವಲನ್ನು ಕುರ್ಚಿಯ ಮೇಲೆಯೇ ಹಾಕುತ್ತಾರೆ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾರೆ, ಹೇಳಿದರೆ ಒಪ್ಪುವುದಿಲ್ಲ."

ಇದನ್ನು ಬರೆದದ್ದು ಶತ್ರುವೂ ಅಲ್ಲ, ಅಭಿಮಾನಿಯೂ ಅಲ್ಲ. ಜಗತ್ತಿನಲ್ಲಿ ಇದನ್ನು ಬರೆಯಬಲ್ಲವರು ಒಬ್ಬರೇ. ಪುಟದ ತಲೆಯ ಮೇಲೆ 'ಅಳಿಸಲು ಸೂಚಿಸಲಾಗಿದೆ, ಚರ್ಚೆಗೆ ಒಂದು ವಾರ' ಎಂದು ಪಟ್ಟಿ ಅಂಟಿಸಿದೆ.

ಮಾರನೆಯ ಬೆಳಿಗ್ಗೆ ಫೋನ್ ಬಂತು. ನನ್ನ ನಂಬರು ಹೇಗೆ ಸಿಕ್ಕಿತು ಎಂದು ಕೇಳಲಿಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ನಂಬರು ಹುಡುಕುವುದಕ್ಕಿಂತ ಮುಚ್ಚಿಡುವುದೇ ಕಷ್ಟ.

"ನಾನು ಕರ್ನಲರ ಹೆಂಡತಿ. ಮೊದಲು ಟೀಚರ್ ಆಗಿದ್ದೆ. ಆ ಪುಟ ಬರೆದದ್ದು ನಾನು."

"ಗೊತ್ತಾಯ್ತು ಟೀಚರ್. ಗೊರಕೆಯಲ್ಲಿ ಸಿಕ್ಕಿಬಿದ್ರಿ."

ಅವರು ನಗಲಿಲ್ಲ. "ಸರ್, ಒಂದು ವಿಷಯ ಹೇಳ್ತೇನೆ. ಇಲ್ಲಿ ಜನ ಅವರನ್ನು ಎಂತ ಕರೆಯುದು ಗೊತ್ತುಂಟಾ? ಕ್ಯಾಂಟೀನ್ ಕರ್ನಲ್. ಮಿಲಿಟರಿ ಕ್ಯಾಂಟೀನಿನ ಬಾಟ್ಲಿ ಸಿಗುವ ಮನೆ ಅಂತ ಮಾತ್ರ ನಮ್ಮ ಮನೆ ಗೊತ್ತಿರುದು. ಅವರು ಹೊತ್ತು ತಂದವರ ಪೈಕಿ ಇಬ್ಬರು ಈಗಲೂ ಹಬ್ಬಕ್ಕೆ ಫೋನ್ ಮಾಡ್ತಾರೆ, ಫೋನಿನಲ್ಲಿ ಅಳ್ತಾರೆ. ಇವರು 'ಆಯ್ತು ಆಯ್ತು' ಅಂತ ಇಡ್ತಾರೆ. ಊರಿನಲ್ಲಿ ಒಬ್ಬರೂ ಆ ವಿಷಯ ಕೇಳಿದ್ದಿಲ್ಲ. ಎಲ್ಲಿಯಾದರೂ ಒಂದು ಕಡೆ ಸರಿಯಾಗಿ ಬರೆದಿರಲಿ ಅಂತ ನನಗೆ ಆಸೆ. ಅಷ್ಟೇ."

ಆದರೂ ನಿಯಮ ನಿಯಮವೇ. ಪದಕ ಬಂದದ್ದಕ್ಕೆ ಸರಕಾರದ ಪ್ರಕಟಣೆ ಉಂಟು, ಆದರೆ ಅದರಲ್ಲಿ ಹೆಸರು ಬಿಟ್ಟರೆ ಬೇರೆ ಏನೂ ಇಲ್ಲ. ಸಂಬಂಧವಿಲ್ಲದವರು ವಿವರವಾಗಿ ಬರೆದದ್ದು ಬೇಕು. ಒಂದು ವಾರದಲ್ಲಿ ಹುಡುಕಿ ನೋಡುತ್ತೇನೆ ಎಂದೆ.

"ಅವರಿಗೆ ಮಾತ್ರ ಗೊತ್ತಾಗಬಾರದು ಸರ್. ಪುಟದ ವಿಷಯ ಎತ್ತಲೇಬೇಡಿ. ಗೊತ್ತಾದ್ರೆ ಅಳಿಸು ಅಂತ ಅವರೇ ಹೇಳ್ತಾರೆ."

"ಆಯ್ತು. ಗೊರಕೆಯನ್ನಾದರೂ ತೆಗೆಯುವಾ?"

"ಅದು ಸತ್ಯ ಅಲ್ವಾ ಸರ್?" ಎಂದರು ಟೀಚರ್. "ನೀವು ಸತ್ಯಕ್ಕೆ ಪುಟ ಕೊಡುದಲ್ವಾ?"

ಮೊದಲಿನ ಶೌರ್ಯ ಇಲ್ಲ

ಸ್ಥಳ ಪರೀಕ್ಷೆ ಮಾಡದೆ ನಾನು ಯಾವುದನ್ನೂ ಒಪ್ಪಿದವನಲ್ಲ. ಸುಳ್ಯ, ಗುತ್ತಿಗಾರು ದಾಟಿ ಕೊಲ್ಲಮೊಗ್ರಿಗೆ ಹೋದೆ. ಕರ್ನಲರ ಮನೆಗೆ ಹೋಗದೆ ಬಸ್ಸು ನಿಲ್ಲುವ ಕಡೆಯ ಅಂಗಡಿಯಲ್ಲಿ ಸೋಡಾ ಕುಡಿಯುತ್ತಾ ಮಾತು ತೆಗೆದೆ. ತನಿಖೆಯವರು ಯಾವಾಗಲೂ ಸೋಡಾದಿಂದ ಶುರುಮಾಡಬೇಕು, ಚಹಾ ಬೇಗ ಮುಗಿಯುತ್ತದೆ.

"ಕರ್ನಲ್ರಾ?" ಎಂದರು ಅಂಗಡಿಯವರು. "ಅವರಂಥ ದೇಶಭಕ್ತರು ಈ ಊರಿನಲ್ಲೇ ಇಲ್ಲ ಮಾರಾಯ್ರೆ."

ಪರವಾಗಿಲ್ಲ, ಗೊತ್ತಿದ್ದವರು ಇದ್ದಾರೆ ಎಂದು ಖುಷಿಯಾಯಿತು. "ಹೇಗೆ ಹೇಳ್ತೀರಿ?"

"ತಿಂಗಳ ಮೊದಲ ವಾರಕ್ಕೆ ಸರಿಯಾಗಿ ತರ್ತಾರೆ."

"ಎಂತದು?"

ಅವರು ರಸ್ತೆಯ ಎರಡೂ ಬದಿ ನೋಡಿ ಸ್ವರ ತಗ್ಗಿಸಿ, "ರಮ್ಮು" ಎಂದರು. "ಅವರು ಕುಡಿಯುದಿಲ್ಲ. ಯಾರು ಕೇಳಿದರೂ ಇಲ್ಲ ಅಂತ ಹೇಳ್ಲಿಕ್ಕೆ ಬರುದಿಲ್ಲ ಪಾಪ. ಒಂದು ಪೈಸೆ ತೆಗೊಳ್ಳುದಿಲ್ಲ."

ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಅವರು ಯುದ್ಧದಲ್ಲಿ ಜವಾನರನ್ನು ಹೊತ್ತು ತಂದದ್ದು ನಿಮಗೆ ಗೊತ್ತುಂಟಾ?"

"ಹೊತ್ತು ತರುದರಲ್ಲಿ ಅವರದ್ದು ಎತ್ತಿದ ಕೈ. ಒಂದು ಸಲ ಬ್ಯಾಗಿನಲ್ಲಿ ಆರು ತಂದಿದ್ರು."

"ಅದಲ್ಲ, ಯುದ್ಧದಲ್ಲಿ."

"ಯುದ್ಧದ್ದು ನಮಗೆ ಗೊತ್ತಿಲ್ಲಪ್ಪ." ಹಿರಿಯರು ನಿಟ್ಟುಸಿರು ಬಿಟ್ಟರು. "ಆದರೆ ಒಂದು ಬೇಸರ ಉಂಟು. ಹೆಂಡತಿ ಬೈದ ಮೇಲೆ ಈಗೀಗ ಕೊಡುದು ಕಡಿಮೆ ಮಾಡಿದ್ದಾರೆ. ಮೊದಲಿನ ಶೌರ್ಯ ಇಲ್ಲ."

ಬರೇ ಹೆಣ್ಣು ಕೊಟ್ಟದ್ದು

ಟೀಚರ್ ಕಳಿಸಿದ ಪತ್ರಿಕೆಯ ತುಣುಕುಗಳಲ್ಲಿ ಮೊದಲನೆಯದನ್ನು ಬರೆದದ್ದು ಅವರ ತಮ್ಮ. ಎರಡನೆಯದು ಕರ್ನಲರ ಅಕ್ಕನ ಅಳಿಯ. ಎರಡನ್ನೂ ಬದಿಗಿಟ್ಟೆ. ಮೂರನೆಯದು ಮಾತ್ರ ಒಳ್ಳೆಯ ಲೇಖನ, ಸುಳ್ಯದ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಬರೆದದ್ದು. ಹಿಮ, ಗುಂಡು, ಪದಕ ಎಲ್ಲ ವಿವರವಾಗಿ ಇತ್ತು. ಅವರನ್ನು ಸುಳ್ಯದ ಹೋಟೆಲಿನಲ್ಲಿ ಗೋಳಿಬಜೆಯ ಮುಂದೆ ಕೂರಿಸಿ ಕೇಳಿದೆ.

"ನಿಮಗೂ ಕರ್ನಲರಿಗೂ ಎಂತ ಸಂಬಂಧ?"

"ಎಂತದೂ ಇಲ್ಲ. ಲೇಖನಕ್ಕೆ ಬೇಕಾಗಿ ಮಾತಾಡಿಸಿದ್ದು."

ನನಗೆ ಎದ್ದು ಅವರ ಕೈಕುಲುಕಬೇಕು ಎನಿಸಿತು. ಅಷ್ಟರಲ್ಲಿ ಅವರು ನನ್ನನ್ನು ವಿಚಾರಿಸಲು ಶುರುಮಾಡಿದರು. ನಮ್ಮ ಕಡೆ ಇಬ್ಬರು ಒಂದು ಮೇಜಿಗೆ ಕುಳಿತರೆ ಇದು ಆಗದೆ ಏಳುವ ಕ್ರಮ ಇಲ್ಲ.

"ಕುಂಬ್ರದಲ್ಲಿ ನೀವು ಯಾರ ಪೈಕಿ?"

ಹೇಳಿದೆ.

"ಹೆಂಡತಿಯ ಮನೆ?"

"ಕಡಬದ ಹತ್ತಿರ."

"ಕಡಬದಲ್ಲಿ ಎಲ್ಲಿ?"

ಅದನ್ನೂ ಹೇಳಿದೆ. ಅವರು ಗೋಳಿಬಜೆ ಕೆಳಗಿಟ್ಟರು. "ಹಾಗಾದರೆ ನಿಮ್ಮ ಹೆಂಡತಿಯ ದೊಡ್ಡಮ್ಮನನ್ನು ನಮ್ಮ ಮನೆಗಲ್ವಾ ತಂದದ್ದು? ಆ ದೊಡ್ಡಮ್ಮನ ಮಗಳನ್ನು ಎಲ್ಲಿಗೆ ಕೊಟ್ಟದ್ದು ಗೊತ್ತುಂಟಾ?"

"ಇಲ್ಲ."

"ಕೊಲ್ಲಮೊಗ್ರಿಗೆ. ಕರ್ನಲರ ಅಣ್ಣನಿಗೆ."

"ಮಾಸ್ಟ್ರೇ, ಈಗಷ್ಟೇ ಸಂಬಂಧ ಇಲ್ಲ ಅಂದ್ರಿ."

"ಸಂಬಂಧ ಅಂದ್ರೆ ರಕ್ತಸಂಬಂಧ ಅಂತ ತಿಳ್ಕೊಂಡೆ. ಇದು ಬರೇ ಹೆಣ್ಣು ಕೊಟ್ಟದ್ದಲ್ವಾ?" ಎಂದು ಅವರು ಗೋಳಿಬಜೆ ಪುನಃ ಕೈಗೆತ್ತಿಕೊಂಡರು. "ಹಾಗೆ ನೋಡಿದ್ರೆ ನೀವೂ ಅವರಿಗೆ ಹತ್ತಿರದವರೇ ಆದ್ರಿ."

ಲೇಖನವೂ ಹೋಯಿತು, ನಾನೂ ಹೋದೆ. ನನ್ನ ಜೊತೆ ಇಂಥ ಪುಟಗಳನ್ನು ನೋಡುವ ಇನ್ನೊಬ್ಬರು ಧಾರವಾಡದಲ್ಲಿದ್ದಾರೆ. ಮುಖ ನೋಡಿದ್ದಿಲ್ಲ, ಬರೆದು ಮಾತಾಡುವುದು ಮಾತ್ರ. ನಡೆದದ್ದನ್ನೆಲ್ಲ ಅವರಿಗೆ ಬರೆದು, ನಾನೂ ದೂರದ ಸಂಬಂಧಿಕ ಎಂದು ಗೊತ್ತಾಗಿದೆ, ಆದ್ದರಿಂದ ಕೊನೆಯ ತೀರ್ಮಾನ ನೀವೇ ಮಾಡಬೇಕು ಎಂದೆ.

ಅವರ ಉತ್ತರ ಬಂತು. "ಆತ್ರಿ, ತೀರ್ಮಾನ ನಾ ಮಾಡ್ತೀನಿ, ನೀವು ಆಧಾರ ಹುಡುಕೂದು ನಡಸ್ರಿ. ಆದ್ರ ಒಂದು ಮಾತು. ನಿಮ್ಮ ಕಡೆ ಯಾರಿಗೂ ಸಂಬಂಧ ಇಲ್ಲದಾಂವ ಒಬ್ಬ ಸಿಕ್ಕರ, ಮೊದಲ ಅವನ ಮ್ಯಾಲೆ ಒಂದು ಪುಟ ಬರೀರಿ."

ಗಡಿಯಾಚೆಯವರೂ ಓದಬಹುದು

ವಾರ ಮುಗಿಯುತ್ತಾ ಬಂತು. ಕರ್ನಲರನ್ನೇ ಕೇಳಿದರೆ ಯಾವುದಾದರೂ ಪುಸ್ತಕದಲ್ಲೋ ಹೊರಗಿನ ಪತ್ರಿಕೆಯಲ್ಲೋ ಅವರ ಬಗ್ಗೆ ಬಂದದ್ದು ಗೊತ್ತಾಗಬಹುದು ಎಂದು ಫೋನ್ ಮಾಡಿದೆ. ಪುಟದ ವಿಷಯ ಎತ್ತುವುದಿಲ್ಲ ಎಂದು ಟೀಚರಿಗೆ ಮಾತು ಕೊಟ್ಟಿದ್ದೆನಲ್ಲ, ಹಾಗಾಗಿ ಸುತ್ತಿ ಬಳಸಿ ಹೊರಟೆ.

"ನಮಸ್ಕಾರ ಸರ್. ನಿಮ್ಮ ಸೇವೆಯ ಬಗ್ಗೆ ಸ್ವಲ್ಪ ಮಾಹಿತಿ ಬೇಕಿತ್ತು."

"ನೀವು ಯಾರು?"

"ನಾನು ಮಾಹಿತಿ ಸಂಗ್ರಹ ಮಾಡುವವನು."

"ಯಾರಿಗೆ?"

"ಹೀಗೆ ಯಾರಿಗೆ ಅಂತ ಇಲ್ಲ ಸರ್. ಎಲ್ಲರಿಗೂ."

"ಎಲ್ಲರಿಗೂ ಅಂದ್ರೆ?"

"ಜಗತ್ತಿನಲ್ಲಿ ಯಾರಿಗೆ ಬೇಕೋ ಅವರಿಗೆ. ನೀವು ಯಾವ ತುಕಡಿಯಲ್ಲಿದ್ದದ್ದು, ಗಡಿಯಲ್ಲಿ ಯಾವ ಜಾಗ, ಅಲ್ಲಿಗೆ ಹೋಗುವ ದಾರಿ ಹೇಗಿತ್ತು, ಅದನ್ನೆಲ್ಲ ಹೇಳಿದರೆ ಒಳ್ಳೆಯದಿತ್ತು. ಯೂನಿಫಾರ್ಮಿನಲ್ಲಿರುವ ಒಂದು ಫೋಟೋ ಸಹ."

ಅವರು ನಿಧಾನಕ್ಕೆ, "ಇದು ಗಡಿಯಾಚೆಯವರಿಗೂ ಸಿಗ್ತದಾ?" ಎಂದರು.

"ಅವರೂ ಓದಬಹುದು ಸರ್. ಉಚಿತ."

"ಹಾಗಾ," ಎಂದರು ಕರ್ನಲರು. ಅವರ ಸ್ವರ ಇದ್ದಕ್ಕಿದ್ದ ಹಾಗೆ ಜೇನಿನಂತಾಯಿತು. "ಫೋನಿನಲ್ಲಿ ಬೇಡ. ನಿಮ್ಮ ಪೂರ್ತಿ ಹೆಸರು, ಮನೆ ಎಲ್ಲಿ ಅಂತ ಹೇಳಿ. ನಾನೇ ವ್ಯವಸ್ಥೆ ಮಾಡ್ತೇನೆ."

ಎಂಥ ಸಜ್ಜನರು ಎಂದುಕೊಂಡು ಎಲ್ಲ ಹೇಳಿದೆ. ಮನೆಯ ಗೇಟಿನ ಬಣ್ಣವನ್ನೂ ಹೇಳಿದೆ. ಜೀವಮಾನದಲ್ಲಿ ನಾನು ಸಂಶಯ ಪಡದೇ ಇದ್ದದ್ದು ಆ ಒಂದು ಸಲ.

ಜೀಪು ಉಂಟಲ್ಲ

ಮರುದಿನ ಬೆಳಿಗ್ಗೆ ಫೋನ್. "ನಾವು ಪೊಲೀಸ್ ಠಾಣೆಯಿಂದ ಮಾತಾಡುದು. ನಿಮ್ಮನ್ನು ಸ್ವಲ್ಪ ವಿಚಾರಿಸ್ಲಿಕ್ಕುಂಟು."

ಈಗ ನನ್ನ ಸಂಶಯ ಪೂರ್ತಿ ಎಚ್ಚರವಾಯಿತು. ಪೊಲೀಸರೆಂದು ಹೇಳಿ ಫೋನಿನಲ್ಲೇ 'ಬಂಧಿಸಿ' ಜನರನ್ನು ದೋಚುವವರ ಸುದ್ದಿ ದಿನಾ ಬರುತ್ತದೆ. ಪುತ್ತೂರಿನಲ್ಲಿ ನನ್ನ ಪರಿಚಯದವರೊಬ್ಬರು ಹಾಗೆ ಇಡೀ ದಿನ ಕ್ಯಾಮರಾದ ಮುಂದೆ ಕುಳಿತು, ಊಟಕ್ಕೂ ಕಳ್ಳರ ಅಪ್ಪಣೆ ಕೇಳಿದ್ದರು.

"ಹೌದಾ? ವೀಡಿಯೊ ಕಾಲಿನಲ್ಲಿ ಬಂಧಿಸ್ತೀರಾ?" ಎಂದೆ.

"ವೀಡಿಯೊ ಎಂತಕ್ಕೆ? ಜೀಪು ಉಂಟಲ್ಲ."

"ಜೀಪಂತೆ ಜೀಪು. ನಿಮ್ಮಂಥ ಕಳ್ಳರನ್ನು ನಾನು ಸರ್ವೀಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ."

"ಕಳ್ಳರಾ? ಸ್ವಾಮಿ, ನಾನು ಹೆಡ್ ಕಾನ್‌ಸ್ಟೇಬಲ್."

"ನಾನು ಪೊಲೀಸ್ ಮಹಾನಿರ್ದೇಶಕ" ಎಂದು ಹೇಳಿ ಫೋನ್ ಇಟ್ಟು ನಂಬರು ಬ್ಲಾಕ್ ಮಾಡಿದೆ. ಹೆಂಡತಿಯನ್ನು ಕರೆದು, ಮುದುಕರೆಲ್ಲ ಹೇಗೆ ಮೋಸ ಹೋಗುತ್ತಾರೆ, ನಾನು ಹೇಗೆ ಹೋಗಲಿಲ್ಲ ಎಂದು ವಿವರಿಸತೊಡಗಿದೆ. ಅವಳು ಸ್ವಲ್ಪ ಹೊತ್ತು ಕೇಳಿ, ಕಿಟಕಿಯ ಕಡೆ ನೋಡಿ, "ಈ ಮೋಸಗಾರರು ಭಾರೀ ಖರ್ಚು ಮಾಡ್ತಾರಪ್ಪ. ಗೇಟಿನ ಹತ್ತಿರ ನಿಜವಾದ ಜೀಪೇ ತಂದು ನಿಲ್ಲಿಸಿದ್ದಾರೆ" ಎಂದಳು.

ಮನಷ್ಯಾನ್ನ ನೋಡಿಲ್ಲರಿ

ಠಾಣೆಯಲ್ಲಿ, ನನ್ನನ್ನು ಗೂಢಚಾರನೆಂದು ತಿಳಿದು ದೂರು ಕೊಟ್ಟಿದ್ದ ಕರ್ನಲರು ಗೋಡೆಗೆ ತಾಗದೆ ನೆಟ್ಟಗೆ ನಿಂತಿದ್ದರು. ಎದುರಿನ ಮೇಜಿನಲ್ಲಿ ಬಯಲುಸೀಮೆಯ ಕಡೆಯಿಂದ ಹೊಸತಾಗಿ ಬಂದ ಎಸ್‌ಐ. ಮೂಲೆಯ ಬೆಂಚಿನಲ್ಲಿ ಒಬ್ಬ ಪತ್ರಕರ್ತ ಕುಳಿತಿದ್ದ. ಅವನೂ ಕೊಪ್ಪಳದ ಕಡೆಯಿಂದ ಈಚೆಗಷ್ಟೇ ಬಂದವನಂತೆ, ದಿನಾ ಬೆಳಿಗ್ಗೆ ಸುದ್ದಿ ಉಂಟಾ ಎಂದು ಬರುವವನು. ನಾನು ವಿಶ್ವಕೋಶದವನು ಎಂದೆ. ಟೀಚರಿಗೆ ಕೊಟ್ಟ ಮಾತು ನೆನಪಾಗಿ ಯಾವ ಪುಟ ಎಂದು ಹೇಳಲಿಲ್ಲ. ಅದರಿಂದ ನನ್ನ ಮಾತು ಇನ್ನಷ್ಟು ಸುಳ್ಳಿನ ಹಾಗೆ ಕೇಳಿಸಿತು.

"ಆಯ್ತು," ಎಂದರು ಎಸ್‌ಐ. "ನೀವು ಎಂಥವರು ಅಂತ ಇಬ್ಬರ ಹತ್ತಿರ ಹೇಳಿಸಿ. ಸಂಬಂಧಿಕರು ಬೇಡ. ಸಂಬಂಧಿಕರು ಒಳ್ಳೆಯವರು ಅಂತಲೇ ಹೇಳ್ತಾರೆ."

ಈ ನಿಯಮ ನಾನೇ ಎಷ್ಟೋ ಜನಕ್ಕೆ ಹೇಳಿದ್ದು. ಮನೆ ಎದುರಿನ ಅಂಗಡಿಯವರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟೆ. "ಗೊತ್ತಿಲ್ಲದೆ ಎಂತ? ನಮ್ಮ ಭಾವ ಅಲ್ವಾ?" ಎಂದರು. ಎಸ್‌ಐ ತಲೆ ಅಲ್ಲಾಡಿಸಿದರು. ಸಂಜೆ ಜೊತೆಯಲ್ಲಿ ವಾಕಿಂಗ್ ಬರುವ ಬ್ಯಾಂಕಿನವರಿಗೆ ಮಾಡಿದೆ. "ಅವರು ನನಗೆ ಚಿಕ್ಕಪ್ಪ ಆಗ್ಬೇಕು. ಎಂತ, ಅಪಘಾತವಾ?" ಎಂದರು. ಕೊನೆಗೆ ನನಗೆ ಸಂಬಂಧವೇ ಇಲ್ಲದ ಒಬ್ಬರು ನೆನಪಾದರು. ಹಿಂದೊಮ್ಮೆ ಅವರು ಬರೆದು ಕಳಿಸಿದ್ದ ನಂಬರಿಗೆ, ಧಾರವಾಡಕ್ಕೆ ಮಾಡಿದೆ.

"ಇವರು ನಿಮಗೆ ಗೊತ್ತಾ?" ಎಂದು ಎಸ್‌ಐ ಕೇಳಿದರು.

"ಹೆಸರಷ್ಟ ಗೊತ್ತದರಿ. ಮನಷ್ಯಾನ್ನ ನೋಡಿಲ್ಲರಿ."

"ಒಳ್ಳೆಯವರಾ?"

"ಆಧಾರ ಇಲ್ಲದ ಹೆಂಗ ಹೇಳ್ಲಿರಿ?"

ಹೆಡ್ ಕಾನ್‌ಸ್ಟೇಬಲರು ಹಿಂದಿನಿಂದ, "ಮಹಾನಿರ್ದೇಶಕರಿಗೆ ಕುರ್ಚಿ ಕೊಡ್ಲಾ ಸರ್?" ಎಂದರು.

ಆಗ ಬಾಗಿಲಲ್ಲಿ ಟೀಚರ್. ನನ್ನ ಹೆಂಡತಿ ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿದ್ದಾಳೆ, ಅವಳು ತನ್ನ ಓರಗಿತ್ತಿಯಾದ ಟೀಚರಿಗೆ ಮಾಡಿದ್ದಾಳೆ. ಇಡೀ ವಾರ ನನಗೆ ಅಡ್ಡ ಬಂದಿದ್ದ ಸಂಬಂಧ ಈಗ ರಿಕ್ಷಾ ಹತ್ತಿ ನನ್ನನ್ನು ಬಿಡಿಸಲು ಬಂದಿತ್ತು. ಟೀಚರ್ ಎಲ್ಲ ಹೇಳಿದರು. ಪುಟ ಬರೆದದ್ದು ತಾನು, ಗುಟ್ಟಾಗಿಡಲು ಹೇಳಿದ್ದು ತಾನು. "ಇವರು ಎಂತ ಮಾಡಿದ್ದು ಅಂತ ಈ ಊರಿಗೆ ಗೊತ್ತಿಲ್ಲ. ಅವತ್ತು ಗಡಿಯಲ್ಲಿ ಗಾಯವಾಗಿ ಬಿದ್ದಿದ್ದ ಒಬ್ಬ ಹುಡುಗನನ್ನು ಇಳಿಸಿ, ಪುನಃ ಹತ್ತಿ ಇನ್ನೊಬ್ಬನನ್ನು ಇಳಿಸಿ, ಇವರಿಗೇ ಗುಂಡು ತಾಗಿದ ಮೇಲೆಯೂ ಹತ್ತಿದ್ದಾರೆ. ನನಗೆ ಹೇಳಿದ್ದು ಇವರಲ್ಲ, ಆ ಹುಡುಗರ ಅಮ್ಮಂದಿರು" ಎಂದರು. ಎಸ್‌ಐ ಎದ್ದು ನಿಂತರು. ಪತ್ರಕರ್ತ ಬೆಂಚಿನಿಂದ ಹತ್ತಿರ ಬಂದು ಏನೇನೋ ಕೇಳಿ ಬರೆದುಕೊಳ್ಳತೊಡಗಿದ. ನಾನು ಅಂಟಿಸಿದ ಪಟ್ಟಿಯ ಬಗ್ಗೆ ನನಗೇ ನಾಚಿಕೆಯಾಯಿತು.

ಕರ್ನಲರು ಮಾತ್ರ ಹೆಂಡತಿಯ ಫೋನಿನಲ್ಲಿ ಪುಟವನ್ನು ಮೇಲಿನಿಂದ ಕೆಳಗೆ ಓದುತ್ತಿದ್ದರು. ಕೊನೆಗೆ ನನ್ನತ್ತ ತಿರುಗಿದರು.

"ಈ ಗೊರಕೆಗೆ ಆಧಾರ ಉಂಟಾ?"

"ಇಲ್ಲ ಸರ್."

"ಹಾಗಾದರೆ ಅಳಿಸಿ. ಉಳಿದದ್ದು ಅವಳ ಇಷ್ಟ."

ಶಂಕಾಸ್ಪದ ವ್ಯಕ್ತಿ

ಮಾರನೆಯ ದಿನ ಚರ್ಚೆಯ ಕೊನೆಯ ದಿನ. ಪುಟ ಉಳಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಟೀಚರ್ ಹೇಳಿದ್ದು ಸತ್ಯ, ಆದರೆ ಅವರು ಹೆಂಡತಿ. ಟೀಚರಿಗೆ ಫೋನ್ ಮಾಡಿ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಕುಳಿತಿದ್ದಾಗ ಹೆಂಡತಿ ಪತ್ರಿಕೆಯನ್ನು ತಂದು ಮಡಿಲಿಗೆ ಹಾಕಿದಳು. ಅವಳ ಮುಖದಲ್ಲಿ ನಗು ತಡೆದುಕೊಂಡ ಲಕ್ಷಣ ಇತ್ತು. ನನಗೆ ಸಂಶಯ ಬಂತು.

ಅರ್ಧ ಪುಟದ ಸುದ್ದಿ. 'ಶೌರ್ಯ ಪದಕ ವಿಜೇತ ಕರ್ನಲರ ಸಮಯಪ್ರಜ್ಞೆ'. ಕೊಪ್ಪಳದ ಆ ಪತ್ರಕರ್ತ ರಾತ್ರಿಯೇ ಜವಾನರಿಬ್ಬರ ನಂಬರು ಪಡೆದು ಮಾತಾಡಿದ್ದ. ಹಿಮ, ಗುಂಡು, ಹೊತ್ತು ಇಳಿಸಿದ್ದು, ಗಾಯ, ಪದಕ, ಎಲ್ಲ ಉಂಟು. ಅಂಥ ವರದಿಯನ್ನು ನಾನು ಇಡೀ ವಾರ ಹುಡುಕಿದ್ದೆ. ಕೊನೆಯಲ್ಲಿ ಹೀಗಿತ್ತು: "ಕರ್ನಲರಿಗೆ ಕರೆ ಮಾಡಿ ಸೇನೆಯ ಮಾಹಿತಿ ಕೇಳಿದ ಕುಂಬ್ರ ಸಮೀಪದ ಶಂಕಾಸ್ಪದ ವ್ಯಕ್ತಿಯೊಬ್ಬನನ್ನು ಪೊಲೀಸರು ವಿಚಾರಣೆ ನಡೆಸಿ, ಎಚ್ಚರಿಕೆ ನೀಡಿ ಬಿಟ್ಟಿದ್ದಾರೆ."

ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಊರವರ ಮೇಲೆಲ್ಲ ಸಂಶಯ ಪಟ್ಟವನನ್ನೇ ಕಡೆಗೆ ಹೆಸರಿಲ್ಲದ 'ಶಂಕಾಸ್ಪದ ವ್ಯಕ್ತಿ' ಮಾಡಿಬಿಟ್ಟಿದ್ದರು. ಕೂಡಲೇ ಪತ್ರಕರ್ತನಿಗೆ ಫೋನ್ ಹಚ್ಚಿದೆ.

ಪಾಪ, ಅವನು ಗಾಬರಿಯಾದ. "ತಪ್ಪಾತ್ರಿ ಸರ್. ಕೊನೀ ಸಾಲು ಠಾಣೆಯಿಂದ ಮೊದಲ ಬಂದಿದ್ದು, ತಗಿಯೂದು ಮರ್ತೆ. ಈಗ ಇಡೀ ಸುದ್ದಿನ ಜಾಲತಾಣದಿಂದ ತಗಿಸಿಬಿಡ್ತೀನ್ರಿ. ನಾಳೆ ಪತ್ರಿಕೆಯೊಳಗ ಸುದ್ದಿ ತಪ್ಪಿತ್ತು ಅಂತ ಹಾಕಸ್ತೀನಿ."

"ಕೂಡಲೇ ಹಾಕಿಸಿ" ಎನ್ನಬೇಕೆಂದು ಬಾಯಿ ತೆರೆದೆ. ಆಗ ಮನಸ್ಸಿಗೆ ಬಂತು. ಸುದ್ದಿ ತಪ್ಪು ಎಂದು ಪತ್ರಿಕೆಯವರೇ ಹೇಳಿದ ಮೇಲೆ ಅದು ಯಾವುದಕ್ಕೂ ಆಧಾರವಾಗುವುದಿಲ್ಲ. ಇವತ್ತು ಸಂಜೆ ಕರ್ನಲರ ಪುಟ ಹೋಗುತ್ತದೆ. ಕೊಲ್ಲಮೊಗ್ರಿನಲ್ಲಿ ಅವರು ಕ್ಯಾಂಟೀನ್ ಕರ್ನಲ್ ಆಗಿಯೇ ಉಳಿಯುತ್ತಾರೆ.

"ಒಂದು ವಿಷಯ ಹೇಳಿ," ಎಂದೆ. "ನಿಮಗೆ ಈ ಕಡೆ ಯಾರಾದರೂ ನೆಂಟರು ಇದ್ದಾರಾ?"

"ಯಾರೂ ಇಲ್ಲರಿ."

"ಹೆಂಡತಿಯ ಕಡೆಯಿಂದ?"

"ಮದುವಿನ ಆಗಿಲ್ಲರಿ ಸರ್."

"ಹಾಗಾದರೆ ಎಂತದೂ ತೆಗೆಯಬೇಡಿ. ಇದ್ದ ಹಾಗೇ ಇರಲಿ" ಎಂದು ಫೋನ್ ಇಟ್ಟೆ. ಅವನಿಗೆ ನನ್ನ ಮೇಲೆ ಆಗ ನಿಜವಾಗಿ ಸಂಶಯ ಬಂದಿರಬೇಕು.

ಗೊರಕೆಯನ್ನು ಅಳಿಸಿದೆ. ಪುಟದ ಕೆಳಗೆ ಮೊದಲನೆಯ ಅಡಿಟಿಪ್ಪಣಿಯಾಗಿ ಆ ಸುದ್ದಿಯನ್ನು ನನ್ನ ಕೈಯಾರೆ ಸೇರಿಸಿದೆ. ಟೀಚರ್ ಫೋನ್ ಮಾಡಿ, "ಸರ್, ಇದು ಸಾಕಾಗ್ತದಾ?" ಎಂದು ಕೇಳಿದರು. ಧಾರವಾಡದವರು ನೋಡಬೇಕು ಎಂದೆ. "ಇವರು ಬೆಳಿಗ್ಗೆಯಿಂದ ಆ ಪೇಪರನ್ನು ಯಾರೂ ನೋಡದ ಹಾಗೆ ನಾಲ್ಕು ಸಲ ಓದಿದ್ದಾರೆ" ಎಂದರು ಅವರು. ಅಷ್ಟು ಹೇಳಿ ಫೋನ್ ಇಟ್ಟರು.

ಸಂಜೆ ಧಾರವಾಡದಿಂದ ತೀರ್ಮಾನ ಬಂತು. "ಪುಟ ಉಳಸೇನ್ರಿ. ಭಾರಿ ಚಲೋ ಆಧಾರ ಹುಡುಕೀರಿ. ಬರದಾಂವ ಹೊರಗಿನಾಂವ, ಯಾರಿಗೂ ಸಂಬಂಧ ಇಲ್ಲ. ಆದ್ರ ಒಂದು ಸಂಶಯ. ಅದರಾಗ ಕುಂಬ್ರದ ಶಂಕಾಸ್ಪದ ವ್ಯಕ್ತಿ ಅಂತ ಒಬ್ಬ ಬರ್ತಾನಲ್ಲ, ಪತ್ರಿಕೆಯೊಳಗ ಬಂದಾನ ಅಂದ್ರ ದೊಡ್ಡ ಆಸಾಮಿನ ಇರಬೇಕು. ಅವನ ಮ್ಯಾಲೂ ಒಂದು ಪುಟ ಮಾಡೂಣೇನ್ರಿ?"

ಠಾಣೆಯಿಂದ ಹೋದ ಫೋನು ನೆನಪಿದ್ದೇ ಕೀಟಲೆ ಮಾಡುತ್ತಿದ್ದಾರೋ ಎಂದು ನನಗೂ ಸಂಶಯ ಬಂತು, ಆದರೂ ಉತ್ತರ ಬರೆದೆ. "ಬೇಡ. ಆ ಮನುಷ್ಯನನ್ನು ನಾನು ವಿಚಾರಿಸಿ ನೋಡಿದ್ದೇನೆ. ಅವನು ಒಳ್ಳೆಯವನು ಎಂದು ಹೇಳುವವರೆಲ್ಲ ಅವನ ಸಂಬಂಧಿಕರೇ."